ಬೆಂಗಳೂರಿನಲ್ಲಿ ಸ್ವಲೀನತೆ: ಸಂಶೋಧನೆ ಮತ್ತು ಪುರಾವೆ ಆಧಾರಿತ ಚಿಕಿತ್ಸಾ ಮಾಹಿತಿ

ಸ್ವಲೀನತೆ ಅಥವಾ ಆಟಿಸಂ ಎಂಬುದು ಸಾಮಾಜಿಕ ಸಂವಹನದಲ್ಲಿನ ಭಿನ್ನತೆ, ಪುನರಾವರ್ತಿತ ವರ್ತನೆ, ಸೀಮಿತ ಆಸಕ್ತಿ ಹಾಗೂ ಇಂದ್ರಿಯಾನುಭವದ ವೈಶಿಷ್ಟ್ಯಗಳಿಂದ ಗುರುತಿಸಲ್ಪಡುವ ನರವಿಕಾಸದ ಸ್ಥಿತಿ. ಇದು ಎಳವೆಯಲ್ಲೇ ಆರಂಭವಾಗಿ ಜೀವನಪರ್ಯಂತ ಇರುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ಆದರೆ ಮಗುವಿನ ಸಂವಹನ ಮತ್ತು ದೈನಂದಿನ ಕೌಶಲಗಳನ್ನು ಸುಧಾರಿಸಲು ನೆರವಾಗುವ, ಪರೀಕ್ಷೆಗೆ ಒಳಪಟ್ಟ ವಿಧಾನಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿಂದಾಗಿ ಕರ್ನಾಟಕವು ಈ ಕ್ಷೇತ್ರದ ಅಧ್ಯಯನದಲ್ಲಿ ಮುಂಚೂಣಿಯಲ್ಲಿದೆ. ಅದೇ ಹೊತ್ತಿಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮುಂತಾದ ಹೊರವಲಯದ ಪ್ರದೇಶಗಳಲ್ಲಿ ಪೋಷಕರ ಮುಂದೆ ಖಾಸಗಿ ಥೆರಪಿ ಕೇಂದ್ರಗಳ ಜಾಹೀರಾತುಗಳೂ ಸಂಶೋಧನಾ ಫಲಿತಾಂಶಗಳೂ ಒಂದೇ ಬಗೆಯ ಭಾಷೆಯಲ್ಲಿ ಬಂದು ನಿಲ್ಲುತ್ತವೆ. ಇವುಗಳಲ್ಲಿ ಯಾವುದನ್ನು ನಂಬಬೇಕೆಂಬ ನಿರ್ಧಾರವು ಕುಟುಂಬದ ಹಣ ಹಾಗೂ ಮಗುವಿನ ಎಳವೆಯ ವರ್ಷಗಳು ಹೇಗೆ ವಿನಿಯೋಗವಾಗುತ್ತವೆ ಎಂಬುದನ್ನು ನಿರ್ಣಯಿಸುತ್ತದೆ.

ಪ್ರಮಾಣ ಮತ್ತು ಐಟಿ ಪ್ರದೇಶಗಳ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನತೆ ಹೊಂದಿದ್ದರು. ಭಾರತದಲ್ಲಿ 2ರಿಂದ 9 ವರ್ಷದ ಮಕ್ಕಳ ನರವಿಕಾಸದ ಸ್ಥಿತಿಗಳ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಅದು ಕಾಂಗ್ರಾ, ಪಲ್ವಲ್, ಢೆಂಕಾನಲ್, ಉತ್ತರ ಗೋವಾ ಮತ್ತು ಹೈದರಾಬಾದ್ ಎಂಬ ಐದು ಸ್ಥಳಗಳಲ್ಲಿ ನಡೆದಿದ್ದು, ಕರ್ನಾಟಕದ ಯಾವುದೇ ಜಿಲ್ಲೆ ಅದರಲ್ಲಿ ಇರಲಿಲ್ಲ. ಬೆಂಗಳೂರಿನ ಮಟ್ಟಿಗೆ ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಸಮೀಕ್ಷೆ ಮುಖ್ಯವಾದುದು. ನಗರದ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಗ್ರಾಮೀಣ ಪ್ರದೇಶಗಳ 2,064 ಮಕ್ಕಳನ್ನು ಒಳಗೊಂಡ ಅದು, ಶೇ. 12.5ರಷ್ಟು ಮಕ್ಕಳಲ್ಲಿ ಯಾವುದಾದರೊಂದು ಮನೋವೈದ್ಯಕೀಯ ಸಮಸ್ಯೆಯನ್ನು ಗುರುತಿಸಿತು. ನೂರಕ್ಕೆ ಒಬ್ಬರಷ್ಟಿರುವ ಸ್ಥಿತಿಯಾದರೆ ಇಷ್ಟು ಮಕ್ಕಳಲ್ಲಿ ಸಿಗುವುದು ಇಪ್ಪತ್ತರ ಆಸುಪಾಸು ಪ್ರಕರಣಗಳು ಮಾತ್ರ. ಬಡಾವಣೆಗೊಂದರಂತೆ ಸ್ವಲೀನತೆಯ ಲೆಕ್ಕ ಹೇಳಲು ಅಷ್ಟು ಸಾಲದು.

ಐಟಿ ಉದ್ಯೋಗಿಗಳ ಮಕ್ಕಳಲ್ಲಿ ಸ್ವಲೀನತೆ ಹೆಚ್ಚು ಎಂಬ ಮಾತು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಆಧಾರವಾಗಿ ಕೊಡುವುದು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವನ್ನು. ತಂತ್ರಜ್ಞಾನ ಉದ್ಯಮಗಳು ಕೇಂದ್ರೀಕೃತವಾಗಿರುವ ಐಂಡ್‌ಹೋವನ್ ಪ್ರದೇಶದ ಶಾಲೆಗಳಲ್ಲಿ 10,000 ಮಕ್ಕಳಿಗೆ 229 ಮಂದಿ ಸ್ವಲೀನತೆಯುಳ್ಳವರೆಂದು ವರದಿಯಾಗಿತ್ತು. ಹಾರ್ಲೆಮ್‌ನಲ್ಲಿ ಈ ಸಂಖ್ಯೆ 84, ಉಟ್ರೆಕ್ಟ್‌ನಲ್ಲಿ 57. ಈ ಅಂಕಿಗಳು ಶಾಲೆಗಳು ನೀಡಿದ ಮಾಹಿತಿಯನ್ನು ಅವಲಂಬಿಸಿದ್ದವು. ಸಂಶೋಧಕರು ಪ್ರತಿಯೊಂದು ಮಗುವನ್ನೂ ಪರೀಕ್ಷಿಸಿರಲಿಲ್ಲ. ಅರಿವು ಹೆಚ್ಚಿರುವ, ತಜ್ಞರು ಸುಲಭವಾಗಿ ಸಿಗುವ ಊರಿನಲ್ಲಿ ಹೆಚ್ಚು ಮಕ್ಕಳಿಗೆ ರೋಗನಿರ್ಣಯವಾಗುವುದೂ ಇಂತಹ ಅಂತರಕ್ಕೆ ಕಾರಣವಾಗಬಲ್ಲದು. ಮಾರತ್ತಹಳ್ಳಿಯ ಒಂದೇ ರಸ್ತೆಯಲ್ಲಿ ಹಲವು ಕೇಂದ್ರಗಳಿದ್ದರೆ ಅದು ಬೇಡಿಕೆ ಮತ್ತು ಪಾವತಿಸುವ ಶಕ್ತಿಯನ್ನು ತೋರಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ.

ರೋಗನಿರ್ಣಯ

ರಕ್ತಪರೀಕ್ಷೆ ಅಥವಾ ಸ್ಕ್ಯಾನ್‌ನಿಂದ ಸ್ವಲೀನತೆಯನ್ನು ನಿರ್ಣಯಿಸಲಾಗುವುದಿಲ್ಲ. ಮಗುವಿನ ಬೆಳವಣಿಗೆಯ ಇತಿಹಾಸ ಮತ್ತು ವರ್ತನೆಯ ನೇರ ಅವಲೋಕನವೇ ಆಧಾರ. ಹೆಸರು ಕರೆದಾಗ ಮಗು ತಿರುಗದಿದ್ದರೆ ಮೊದಲು ಶ್ರವಣ ಪರೀಕ್ಷೆ ನಡೆಸುವುದು ಕ್ರಮ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಹಾಗೂ ಭಾಷಾ ಮೌಲ್ಯಮಾಪನ ಎರಡೂ ನಡೆಯುತ್ತವೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2017ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿಯು 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಉಚಿತವಾಗಿ ಲಭ್ಯವಿದ್ದು, ಭಾರತದ ಪರಿಸ್ಥಿತಿಗೆ ಬರೆದದ್ದಾದ್ದರಿಂದ ವಿದೇಶಿ ಕೈಪಿಡಿಗಳಿಗಿಂತ ಮೊದಲು ಓದಲು ತಕ್ಕದ್ದು.

ಅಂಗವೈಕಲ್ಯ ಪ್ರಮಾಣೀಕರಣಕ್ಕೆ ಬಳಕೆಯಲ್ಲಿರುವ ಭಾರತೀಯ ಸ್ವಲೀನತೆ ಮಾಪನ (ಐಸಾ) 40 ಅಂಶಗಳನ್ನು ಹೊಂದಿದೆ. ಪ್ರತಿ ಅಂಶಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಸ್ವಲೀನತೆ ಇಲ್ಲವೆಂದೂ, 153ನ್ನು ಮೀರಿದರೆ ತೀವ್ರವೆಂದೂ ಪರಿಗಣಿಸಲಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಪ್ರಮಾಣಪತ್ರ ದೊರೆತವರು ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ ಅರ್ಜಿ ಸಲ್ಲಿಸಬಹುದು. ಥೆರಪಿ ವೆಚ್ಚವನ್ನೂ ಮಿತಿಗೊಳಪಟ್ಟು ಭರಿಸುವ ಈ ಯೋಜನೆ, ಪೀಣ್ಯದ ಕಾರ್ಖಾನೆಗಳಲ್ಲಿ ತಿಂಗಳ ವೇತನದ ಮೇಲೆ ಬದುಕುವ ಕುಟುಂಬಗಳಿಗೆ ಹೆಚ್ಚು ಉಪಯುಕ್ತ. ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮಾಡಲಾಗುತ್ತದೆ.

ಪುರಾವೆಯುಳ್ಳ ವಿಧಾನಗಳು

ಸ್ವಲೀನತೆಯ ಚಿಕಿತ್ಸೆಗಳ ಬಗ್ಗೆ ಲಭ್ಯವಿರುವ ಉತ್ತಮ ಪುರಾವೆಗಳು ಹೇಳುವ ಫಲಿತಾಂಶಗಳು ಜಾಹೀರಾತುಗಳಲ್ಲಿ ಕಾಣುವುದಕ್ಕಿಂತ ಸಾಧಾರಣವಾದವು ಮತ್ತು ನಿಧಾನವಾದವು. ಬ್ರಿಟನ್ನಿನ 'ಪ್ಯಾಕ್ಟ್' ಪ್ರಯೋಗ ಇದಕ್ಕೆ ಉದಾಹರಣೆ. 152 ಮಕ್ಕಳನ್ನು ಒಳಗೊಂಡ ಈ ಪ್ರಯೋಗದಲ್ಲಿ, ಮಗುವಿನೊಂದಿಗೆ ಆಡುವಾಗ ಅದರ ಸೂಕ್ಷ್ಮ ಸಂಕೇತಗಳನ್ನು ಗಮನಿಸಿ ಸ್ಪಂದಿಸಲು ಪೋಷಕರಿಗೆ ವಿಡಿಯೊ ನೆರವಿನಿಂದ ತರಬೇತಿ ನೀಡಲಾಯಿತು. 2010ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಫಲಿತಾಂಶದಲ್ಲಿ ಪೋಷಕರ ಸ್ಪಂದನೆ ಸುಧಾರಿಸಿದ್ದರೂ ಸ್ವಲೀನತೆಯ ಲಕ್ಷಣಗಳಲ್ಲಿ ಸ್ಪಷ್ಟ ಇಳಿಕೆ ಕಂಡಿರಲಿಲ್ಲ. ಅದೇ ಮಕ್ಕಳನ್ನು ಸುಮಾರು ಆರು ವರ್ಷಗಳ ನಂತರ ಪರಿಶೀಲಿಸಿದಾಗ ಲಕ್ಷಣಗಳ ತೀವ್ರತೆ ಕಡಿಮೆಯಾಗಿರುವುದು ಕಂಡುಬಂದಿತು.

ಈ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಹೊಂದಿಸಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ಪ್ರಯೋಗ ನಡೆಸಿ 2016ರಲ್ಲಿ ವರದಿ ಮಾಡಲಾಯಿತು. ಇಲ್ಲಿ ತರಬೇತಿ ನೀಡಿದವರು ತಜ್ಞರಲ್ಲ, ಸಿದ್ಧಪಡಿಸಲಾದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಪೋಷಕರ ಸ್ಪಂದನೆಯೂ ಮಕ್ಕಳು ತಾವಾಗಿ ಸಂವಹನ ಆರಂಭಿಸುವುದೂ ಹೆಚ್ಚಿದವು. ಆದರೆ ಪರಸ್ಪರ ಗಮನ ಹಂಚಿಕೊಳ್ಳುವ ಸಮಯ ಕಡಿಮೆಯಾಯಿತು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ಪ್ರತಿಕೂಲ ಫಲಿತಾಂಶವನ್ನು ಹೀಗೆ ಹೇಳಿಕೊಳ್ಳುವುದು ಒಳ್ಳೆಯ ಸಂಶೋಧನೆಯ ಗುರುತು. ದುಬಾರಿ ಕೇಂದ್ರಗಳಿಗೆ ಹೋಗಲಾಗದವರಿಗೆ ಈ ಅಧ್ಯಯನದ ಮಹತ್ವ ವಿಶೇಷವಾದುದು.

ಬೆಂಗಳೂರಿನದೇ ಆದ ವಿಧಾನವೆಂದರೆ ವಾಕ್‌ಚಿಕಿತ್ಸಾ ತಜ್ಞೆ ಪ್ರತಿಭಾ ಕಾರಂತ ಅವರು ರೂಪಿಸಿದ 'ಕಾಮ್ ಡೀಲ್'. ವಾಕ್‌ಚಿಕಿತ್ಸೆ, ಚಲನ ಕೌಶಲ, ಭಾವನಾತ್ಮಕ ಮತ್ತು ಸಾಮಾಜಿಕ ಬೆಳವಣಿಗೆಗಳನ್ನು ಒಟ್ಟುಗೂಡಿಸುವ ಈ ಕಾರ್ಯಕ್ರಮವು 6 ವರ್ಷದೊಳಗಿನ ಮಕ್ಕಳಿಗಾಗಿ ಇದೆ. ಇದರ ಫಲಿತಾಂಶವು 2010ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್'ನಲ್ಲಿ ಪ್ರಕಟವಾಯಿತು. ಅದರಲ್ಲಿ ಕಾರ್ಯಕ್ರಮದ ಮುಂಚಿನ ಹಾಗೂ ನಂತರದ ಅಳತೆಗಳನ್ನು ಹೋಲಿಸಿ ಸುಧಾರಣೆಯನ್ನು ದಾಖಲಿಸಲಾಗಿತ್ತು. ಇಂತಹ ಹೋಲಿಕೆ ಭರವಸೆ ಮೂಡಿಸುವಂಥದ್ದಾದರೂ, ವಯಸ್ಸಿನೊಂದಿಗೆ ಸಹಜವಾಗಿ ಆಗುವ ಬೆಳವಣಿಗೆ ಎಷ್ಟು, ಚಿಕಿತ್ಸೆಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಲು ಚೀಟಿ ಎತ್ತಿದಂತೆ ಗುಂಪುಗಳನ್ನು ವಿಂಗಡಿಸಿ ನಡೆಸುವ ಪ್ರಯೋಗವೇ ಬೇಕು.

ವೈಟ್‌ಫೀಲ್ಡ್ ಸುತ್ತಲಿನ ಪೋಷಕರು ಹೆಚ್ಚಾಗಿ ಕೇಳುವ 'ಎಬಿಎ' ಅಥವಾ ಅನ್ವಯಿಕ ವರ್ತನಾ ವಿಶ್ಲೇಷಣೆಯ ತೀವ್ರ ಆರಂಭಿಕ ರೂಪದ ಬಗ್ಗೆ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯು ಐದು ಅಧ್ಯಯನಗಳ 219 ಮಕ್ಕಳನ್ನಷ್ಟೇ ಪರಿಗಣಿಸಲು ಸಾಧ್ಯವಾಯಿತು. ಕೆಲವು ಮಕ್ಕಳಿಗೆ ಪ್ರಯೋಜನವಾಗುವ ದುರ್ಬಲ ಪುರಾವೆ ಇದೆ ಎಂಬುದು ಅದರ ತೀರ್ಮಾನ. ವಾರಕ್ಕೆ ಇಂತಿಷ್ಟು ಗಂಟೆ ಕಡ್ಡಾಯ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕಾಗುತ್ತದೆ. ಔಷಧಗಳಲ್ಲಿ ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್ ತೀವ್ರ ಕಿರಿಕಿರಿ ಹಾಗೂ ಆಕ್ರಮಣಶೀಲತೆಯನ್ನು ತಗ್ಗಿಸಬಲ್ಲವು. ಸ್ವಲೀನತೆಯ ಮೂಲ ಲಕ್ಷಣಗಳಿಗೆ ಅವು ಔಷಧಗಳಲ್ಲ.

ಪುರಾವೆಯಿಲ್ಲದ ಚಿಕಿತ್ಸೆಗಳು

ಕಾಂಡಕೋಶ ಚಿಕಿತ್ಸೆಯು ಇವುಗಳಲ್ಲಿ ಅತ್ಯಂತ ದುಬಾರಿಯಾದವುಗಳಲ್ಲಿ ಒಂದು. 2017ರ ರಾಷ್ಟ್ರೀಯ ಮಾರ್ಗಸೂಚಿಯು ರಕ್ತಸಂಬಂಧಿ ಕಾಯಿಲೆಗಳು ಮುಂತಾದ ಕೆಲವೇ ಸ್ಥಿತಿಗಳನ್ನು ಹೊರತುಪಡಿಸಿ, ಅನುಮೋದಿತ ಪ್ರಯೋಗದ ಹೊರಗೆ ಕಾಂಡಕೋಶಗಳ ಬಳಕೆಯನ್ನು ಅನೈತಿಕವೆಂದು ಹೇಳಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮತ್ತು ನೋಂದಣಿ ಮಂಡಳಿಯು ಸ್ವಲೀನತೆಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ಸ್ಪಷ್ಟಪಡಿಸಿತು. ದೇಹದಿಂದ ಲೋಹಗಳನ್ನು ಹೊರಹಾಕುವ ಕೀಲೇಶನ್ ಅಪಾಯಕಾರಿಯಾಗಿದ್ದು, 2005ರಲ್ಲಿ ಅಮೆರಿಕದಲ್ಲಿ ಸ್ವಲೀನತೆಯ ಬಾಲಕನೊಬ್ಬ ಇದರಿಂದ ಮೃತಪಟ್ಟನು. ಲಸಿಕೆಯನ್ನು ಸ್ವಲೀನತೆಗೆ ಜೋಡಿಸಿದ 1998ರ ಪ್ರಬಂಧವು ಕೇವಲ 12 ಮಕ್ಕಳನ್ನು ಆಧರಿಸಿದ್ದು, 'ಲ್ಯಾನ್ಸೆಟ್' ಅದನ್ನು 2010ರಲ್ಲಿ ಹಿಂಪಡೆಯಿತು. ಡೆನ್ಮಾರ್ಕ್‌ನ 6,57,461 ಮಕ್ಕಳ 2019ರ ಅಧ್ಯಯನದಲ್ಲಿ ಅಂತಹ ಯಾವ ಸಂಬಂಧವೂ ಕಾಣಲಿಲ್ಲ.

ಕರ್ನಾಟಕದೊಂದಿಗೆ ನಂಟಿರುವ ಒಂದು ಪ್ರಕರಣ ಇಷ್ಟು ಸರಳವಲ್ಲ. ಮೈಸೂರು ಮತ್ತು ಬೆಂಗಳೂರಿನಲ್ಲಿ ಬಾಲ್ಯದ ದಿನಗಳನ್ನು ಕಳೆದ ಟಿಟೊ ಮುಖೋಪಾಧ್ಯಾಯ ಅವರ ಬರಹಗಳು 2000ದಲ್ಲಿ ಬ್ರಿಟನ್ನಿನಲ್ಲಿ ಪುಸ್ತಕವಾಗಿ ಬಂದು ಜಗತ್ತಿನ ಗಮನ ಸೆಳೆದವು. ಅವರ ತಾಯಿ ಸೋಮಾ ರೂಪಿಸಿದ ಬೋಧನಾ ಕ್ರಮವು ಮುಂದೆ ಅಮೆರಿಕದಲ್ಲಿ 'ರ್‍ಯಾಪಿಡ್ ಪ್ರಾಂಪ್ಟಿಂಗ್ ವಿಧಾನ' ಎಂಬ ಹೆಸರಿನಲ್ಲಿ ಪ್ರಚಾರ ಪಡೆಯಿತು. ಆದರೆ ಹೀಗೆ ಮೂಡುವ ಮಾತುಗಳು ಮಗುವಿನವೇ ಅಥವಾ ನೆರವು ನೀಡುವವರವೇ ಎಂಬುದಕ್ಕೆ ಪುರಾವೆ ಸಾಲದೆಂದು ಅಮೆರಿಕನ್ ವಾಕ್ ಭಾಷಾ ಶ್ರವಣ ಸಂಘವು 2018ರಲ್ಲಿ ಆ ವಿಧಾನವನ್ನು ಶಿಫಾರಸು ಮಾಡದಿರಲು ನಿರ್ಧರಿಸಿತು. ಒಬ್ಬ ವ್ಯಕ್ತಿಯ ಸಾಧನೆ ಮತ್ತು ಒಂದು ವಿಧಾನದ ಸಾಮಾನ್ಯ ಫಲಕಾರಿತ್ವ ಬೇರೆ ಬೇರೆ ಪ್ರಶ್ನೆಗಳು.

ಮಾಹಿತಿಯ ಪರಿಶೀಲನೆ

ಮನಶ್ಶಾಸ್ತ್ರಜ್ಞರು, ವಾಕ್‌ಚಿಕಿತ್ಸಕರು ಹಾಗೂ ವಿಶೇಷ ಶಿಕ್ಷಕರ ನೋಂದಣಿಯನ್ನು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ದಾಖಲೆಯಲ್ಲಿಯೂ, ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ ಪರಿಶೀಲಿಸಬಹುದು. 'ಪ್ರಯೋಗ' ಎಂದು ಹೇಳಿ ಹಣ ಕೇಳಿದಾಗ 2007ರಿಂದ ಇರುವ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಪಬ್‌ಮೆಡ್‌ನಲ್ಲಿ ಪ್ರಬಂಧಗಳ ಸಾರಾಂಶಗಳೂ, ಕಾಕ್ರೇನ್‌ನಲ್ಲಿ ಸರಳ ಭಾಷೆಯ ಸಾರಗಳೂ ಉಚಿತ.

ಬೆಂಗಳೂರಿನ ಜೀವವಿಜ್ಞಾನ ಪ್ರಯೋಗಾಲಯಗಳ ಸುದ್ದಿಗಳನ್ನೂ ಎಚ್ಚರದಿಂದ ಓದಬೇಕಾಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 'ಸಿನ್‌ಗ್ಯಾಪ್1' ವಂಶವಾಹಿಯ ಬಗ್ಗೆ ಇಲಿಗಳಲ್ಲಿ ನಡೆದಿರುವ ಅಧ್ಯಯನಗಳು ನರಕೋಶಗಳ ಸಂಪರ್ಕವನ್ನು ಅರಿಯಲು ಅಮೂಲ್ಯವಾದವು. ಇಲಿಯಲ್ಲಿ ಕಂಡ ಫಲಿತಾಂಶದಿಂದ ಮಗುವಿನ ಔಷಧಕ್ಕೆ ಹಲವು ವರ್ಷಗಳ ದಾರಿಯಿದೆ. ಪತ್ರಿಕಾ ಶೀರ್ಷಿಕೆಗಳು ಅದನ್ನು ಒಂದೇ ಜಿಗಿತಕ್ಕೆ ದಾಟುತ್ತವೆ.

ಮನೆಯಲ್ಲಿ ಕನ್ನಡ, ತೆಲುಗು ಅಥವಾ ತಮಿಳನ್ನು ಬಿಟ್ಟು ಇಂಗ್ಲಿಷ್ ಮಾತ್ರ ಆಡಬೇಕೆಂಬ ಸಲಹೆಗೂ ಸಂಶೋಧನೆಯ ಬೆಂಬಲವಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಸ್ವಲೀನತೆಯ ಮಕ್ಕಳಲ್ಲಿ ಆ ಕಾರಣದಿಂದ ಭಾಷಾ ಬೆಳವಣಿಗೆ ಹೆಚ್ಚು ಹಿಂದುಳಿಯುವುದಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಅಜ್ಜಿಯೊಂದಿಗೆ ಮಗು ಆಡಬಹುದಾದ ಮಾತನ್ನು ಈ ಸಲಹೆ ಕಿತ್ತುಕೊಳ್ಳುತ್ತದೆ.

ಉದ್ಯೋಗ

ಜರ್ಮನಿಯ ಎಸ್‌ಎಪಿ ಕಂಪನಿಯು 2013ರ ಮೇ ತಿಂಗಳಲ್ಲಿ ಸ್ವಲೀನತೆಯುಳ್ಳವರ ನೇಮಕಾತಿ ಯೋಜನೆಯನ್ನು ಜಾಗತಿಕವಾಗಿ ಘೋಷಿಸಿದಾಗ, ಅದರ ಬೆಂಗಳೂರು ಕೇಂದ್ರದಲ್ಲಿ ಆಗಲೇ ಆರು ಮಂದಿ ತಂತ್ರಾಂಶ ಪರೀಕ್ಷಕರಾಗಿ ಕೆಲಸ ಮಾಡುತ್ತಿದ್ದರು. 2020ರ ವೇಳೆಗೆ ಸಿಬ್ಬಂದಿಯಲ್ಲಿ ಶೇ. 1ರಷ್ಟು ಇಂತಹವರಿರಬೇಕೆಂಬುದು ಅದರ ಗುರಿಯಾಗಿತ್ತು. ಎಲ್ಲ ಸ್ವಲೀನ ವ್ಯಕ್ತಿಗಳೂ ಗಣಕಯಂತ್ರದಲ್ಲಿ ಅಸಾಧಾರಣ ಪ್ರತಿಭೆಯುಳ್ಳವರೆಂಬ ಕಲ್ಪನೆಗೆ ಇಂತಹ ಸುದ್ದಿಗಳು ಇಂಬು ನೀಡಿದವು. ವಾಸ್ತವದಲ್ಲಿ ಅನೇಕರಿಗೆ ಬೌದ್ಧಿಕ ಅಂಗವೈಕಲ್ಯವೂ ಜೊತೆಗಿದ್ದು, ಜೀವನಪರ್ಯಂತ ಆರೈಕೆ ಬೇಕಾಗುತ್ತದೆ. 2016ರ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಮೀಸಲಿಟ್ಟಿರುವ ಶೇ. 4ರಲ್ಲಿ ಶೇ. 1ನ್ನು ಸ್ವಲೀನತೆ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಹಾಗೂ ಬಹುವಿಧ ಅಂಗವೈಕಲ್ಯಗಳುಳ್ಳವರು ಹಂಚಿಕೊಳ್ಳುತ್ತಾರೆ.