‘ತಾಯಿಯ ಭತ್ಯೆ’ ಕೇಳಿದ ಒಬ್ಬ ತಂದೆ

ನ್ಯೂಜೆರ್ಸಿ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ಮಗನೋ ಸೊಸೆಯೋ ನೆನಪಾಗುವುದುಂಟು. ಅಮೆರಿಕದಲ್ಲಿ ದುಡಿಯುವವರ ಸಂಬಳದಿಂದ ‘ಸೋಶಿಯಲ್ ಸೆಕ್ಯುರಿಟಿ’ಗೆ ಹಣ ಮುರಿದುಕೊಳ್ಳುತ್ತಾರಲ್ಲ, ಆ ವ್ಯವಸ್ಥೆಯ ಒಂದು ಮುಖ್ಯ ನಿಯಮವನ್ನು ಬದಲಿಸಿದ್ದು ಅದೇ ನ್ಯೂಜೆರ್ಸಿಯ ಒಂದು ಸಂಸಾರ.

1972ರ ಜೂನ್ 5ರಂದು ಪಾಲಾ ವೀಸೆನ್‌ಫೆಲ್ಡ್ ಎಂಬ ಶಾಲಾ ಶಿಕ್ಷಕಿ ಹೆರಿಗೆಯಲ್ಲಿ ತೀರಿಕೊಂಡರು. ಗಂಡುಮಗು ಜೇಸನ್ ಉಳಿಯಿತು. ಮನೆಯಲ್ಲಿ ಹೆಚ್ಚು ಸಂಪಾದಿಸುತ್ತಿದ್ದವರು ಪಾಲಾ. ಕೂಸನ್ನು ತಾನೇ ಸಾಕುತ್ತೇನೆಂದು ನಿರ್ಧರಿಸಿದ ಪತಿ ಸ್ಟೀಫನ್, ಹೆಂಡತಿ ಕಟ್ಟಿದ ಹಣದ ಆಧಾರದ ಮೇಲೆ ನೆರವಿಗೆ ಅರ್ಜಿ ಹಾಕಿದರು. ಮಗುವಿನ ಪಾಲು ಮಂಜೂರಾಯಿತು, ಅವರದ್ದು ಆಗಲಿಲ್ಲ. ಕಾನೂನಿನಲ್ಲಿ ಅದರ ಹೆಸರೇ ‘ತಾಯಿಯ ಭತ್ಯೆ’. ತಂದೆಗೆ ಅದು ಹೇಗೆ ಸಿಕ್ಕೀತು!

ಈ ಭತ್ಯೆ ಹುಟ್ಟಿದ್ದು 1939ರ ತಿದ್ದುಪಡಿಯಲ್ಲಿ. ಗಂಡ ಸತ್ತರೆ ಎಳೆಯ ಮಕ್ಕಳ ತಾಯಿ ಕೆಲಸಕ್ಕೆ ಓಡದೆ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಲಿ ಎಂಬುದು ಆಶಯ. ಆದ್ದರಿಂದ ಅದು ವೈಧವ್ಯಕ್ಕೆ ಕೊಟ್ಟ ಪಿಂಚಣಿ ಆಗಿರಲಿಲ್ಲ, ದುಡಿಯದೆ ಇರುವುದಕ್ಕೆ ಕೊಟ್ಟ ಹಣವಾಗಿತ್ತು. ತಿಂಗಳಿಗೆ 15 ಡಾಲರ್ ಸಂಪಾದಿಸಿದರೂ ಆ ತಿಂಗಳ ಭತ್ಯೆ ಪೂರ್ತಿ ಖೋತಾ. 1950ರಲ್ಲಿ ಮಿತಿ 50 ಡಾಲರಿಗೆ ಏರಿತು. 1960ರಲ್ಲಿ ಮಿತಿ ದಾಟಿದ ಮೊದಲ ಹಂತದ ಗಳಿಕೆಗೆ ಪ್ರತಿ ಎರಡು ಡಾಲರಿಗೆ ಒಂದು ಡಾಲರ್ ಮಾತ್ರ ಕಡಿತ ಎಂದಾಯಿತು. ಮುಂದೆ ಮಿತಿ ಮೀರಿದ ಎಲ್ಲ ಗಳಿಕೆಗೂ ಅದೇ ಲೆಕ್ಕ ಬಂತು.

ಸ್ಟೀಫನ್ ಸ್ಥಳೀಯ ಪತ್ರಿಕೆಗೆ ಬರೆದ ಪತ್ರ ಆಗ ವಕೀಲೆಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಗಮನಕ್ಕೆ ಬಂತು. ಗಂಡಸಿನ ಪರವಾಗಿ ನಿಂತು ಅವರು ಎತ್ತಿದ್ದು ಹೆಣ್ಣಿನ ಪ್ರಶ್ನೆ: ಗಂಡಸಿನಷ್ಟೇ ಹಣ ಕಟ್ಟಿದ ಪಾಲಾಳ ದುಡಿಮೆ ಅವಳ ಸಂಸಾರಕ್ಕೆ ಕಡಿಮೆ ರಕ್ಷಣೆ ಕೊಡಬೇಕೇಕೆ? 1975ರ ಮಾರ್ಚ್ 19ರಂದು ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ ಒಪ್ಪಿದರು. (ಗಿನ್ಸ್‌ಬರ್ಗ್ 1993ರಲ್ಲಿ ಅದೇ ಪೀಠಕ್ಕೆ ನೇಮಕಗೊಳ್ಳುವಾಗ ಸೆನೆಟ್ ಮುಂದೆ ಅವರ ಪರ ಸಾಕ್ಷಿ ಹೇಳಿದವರಲ್ಲಿ ಸ್ಟೀಫನ್ ಕೂಡ ಒಬ್ಬರು.)

ಬಾಗಿಲೇನೋ ತಂದೆಯರಿಗೂ ತೆರೆಯಿತು, ಒಳಗಿನ ಹೊಸ್ತಿಲು ಮಾತ್ರ ಹಾಗೇ ಉಳಿಯಿತು. 2025ರ ಮಿತಿ ವರ್ಷಕ್ಕೆ 23,400 ಡಾಲರ್. 33,400 ದುಡಿದ ವಿಧವೆಗೆ ಹೆಚ್ಚುವರಿ ಹತ್ತು ಸಾವಿರದ ಅರ್ಧ, ಅಂದರೆ ಐದು ಸಾವಿರ ಡಾಲರ್ ಭತ್ಯೆ ಹೋಗುತ್ತದೆ. ಲೆಕ್ಕಕ್ಕೆ ಬರುವುದು ಸಂಬಳ ಮತ್ತು ಸ್ವಂತ ಉದ್ಯೋಗದ ಆದಾಯ ಮಾತ್ರ. ಬ್ಯಾಂಕ್ ಬಡ್ಡಿ, ಷೇರಿನ ಲಾಭಾಂಶಕ್ಕೆ ಕಡಿತವಿಲ್ಲ. ಆಸ್ತಿಯಿದ್ದವಳಿಗೆ ಪೂರ್ತಿ ಹಣ, ರಾತ್ರಿ ಪಾಳಿ ಮಾಡುವ ನರ್ಸಿಗೆ ಕತ್ತರಿ. ಇದು ನನಗೆ ಎಷ್ಟು ಯೋಚಿಸಿದರೂ ಸರಿಯೆನಿಸಿಲ್ಲ. ನಿವೃತ್ತಿಯ ಪೂರ್ಣ ವಯಸ್ಸು ತಲುಪಿದವರಿಗೆ 2000ದಲ್ಲಿ ಈ ಮಿತಿಯನ್ನೇ ತೆಗೆದುಹಾಕಿದರು. ಮಕ್ಕಳೊಂದಿಗನಿಗೆ ತೆಗೆಯಲಿಲ್ಲ.

ಸಮಾಧಾನವೆಂದರೆ ತಾಯಿಯೋ ತಂದೆಯೋ ಎಷ್ಟು ದುಡಿದರೂ ಮಗುವಿನ ಪಾಲಿಗೆ ಕೈ ಹಾಕುವುದಿಲ್ಲ. ಒಂದು ಸಂಸಾರಕ್ಕೆ ಒಟ್ಟು ಇಷ್ಟೇ ಎಂಬ ಗರಿಷ್ಠ ಮಿತಿಯೂ ಇದೆ. ಮೂರು ಮಕ್ಕಳಿದ್ದರೆ ಅವರ ಪಾಲಿನಿಂದಲೇ ಅದು ತುಂಬುತ್ತದೆ, ತಾಯಿಯ ಪಾಲು ನಿಂತರೂ ಮನೆಗೆ ಬರುವ ಮೊತ್ತ ಇಳಿಯುವುದಿಲ್ಲ. ಹೆಚ್ಚು ಕಳೆದುಕೊಳ್ಳುವವರು ಸ್ಟೀಫನ್‌ರಂತೆ ಒಂದೇ ಮಗುವಿರುವವರು. ಮಗುವಿಗೆ 16 ತುಂಬಿದರೆ ಸಾಮಾನ್ಯವಾಗಿ ಪೋಷಕರ ಪಾಲೇ ನಿಲ್ಲುತ್ತದೆ. 1981ಕ್ಕೆ ಮುಂಚೆ ಅದು 18 ಇತ್ತು.

ನಮ್ಮ ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಾದರೆ, ಮಕ್ಕಳನ್ನು ಸಾಕುತ್ತಿರುವ ವಿಧವೆ ಕೆಲಸಕ್ಕೆ ಸೇರಿದಳೆಂದು ಪಿಂಚಣಿ ಕಡಿತವಾಗುವುದಿಲ್ಲ. ಅಲ್ಲಿರುವ ಮಕ್ಕಳೊಂದಿಗೆ ಮಾತನಾಡುವಾಗ ಈ ವ್ಯತ್ಯಾಸವನ್ನೂ ಒಮ್ಮೆ ಹೇಳಿಡಿ.