ರಾಯಭಾರಿಯ ಪಡಿ

ವಿಜಯನಗರದ ವೈಭವವನ್ನು ವರ್ಣಿಸಬೇಕಾದಾಗಲೆಲ್ಲ ನಮ್ಮ ಲೇಖಕರು ಅಬ್ದುರ್ ರಜಾಕನನ್ನು ಸಾಕ್ಷಿಗೆ ಕರೆಯುತ್ತಾರೆ. ಏಳು ಸುತ್ತಿನ ಕೋಟೆ, ಮುತ್ತುರತ್ನಗಳ ಅಂಗಡಿಗಳು, ಗುಲಾಬಿ ಹೂವಿಲ್ಲದೆ ಬದುಕಲಾರದ ಜನ, ಮಹಾನವಮಿಯ ಆನೆಗಳು—ಇಷ್ಟನ್ನು ಹೇಳಿಸಿ ಅವನನ್ನು ಬೀಳ್ಕೊಡುವುದು ವಾಡಿಕೆ. ಆದರೆ ಅವನು ದೇಶ ನೋಡಲು ಬಂದ ಪ್ರವಾಸಿಯಲ್ಲ, ಒಬ್ಬ ಚಕ್ರವರ್ತಿಯ ರಾಯಭಾರಿ. ರಾಯಭಾರಿಯಾಗಿ ತನಗೆ ಇಲ್ಲಿ ಏನಾಯಿತೆಂಬುದನ್ನೂ ಅವನು ಬರೆದಿಟ್ಟಿದ್ದಾನೆ. ನನಗೆ ಆ ಪುಟಗಳೇ ಹೆಚ್ಚು ರುಚಿಸಿದವು.

ತೈಮೂರನ ಮಗ ಶಾರುಖನು ಅವನನ್ನು 1442ರಲ್ಲಿ ಹೆರಾತಿನಿಂದ ಕಳಿಸಿದ್ದು ಕಲ್ಲಿಕೋಟೆಗೆ, ವಿಜಯನಗರಕ್ಕಲ್ಲ. ಕಲ್ಲಿಕೋಟೆಯ ಅರಸ ಸಾಮೂದಿರಿ ಅವನಿಗೆ ಹೆಚ್ಚಿನ ಆದರವನ್ನೇನೂ ತೋರಲಿಲ್ಲ. ಅಲ್ಲಿ ಬೇಸತ್ತು ಕುಳಿತಿರುವಾಗ ಇಮ್ಮಡಿ ದೇವರಾಯನ ಕರೆ ಬಂತು. ಮಂಗಳೂರಿಗೆ ಬಂದಿಳಿದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯ ವೇಳೆಗೆ ರಾಜಧಾನಿಯನ್ನು ಸೇರಿದ.

ಮೊದಲ ಭೇಟಿ ಸೊಗಸಾಗಿದೆ. ಐದು ಕುದುರೆಗಳನ್ನೂ ತಟ್ಟೆಗಳಲ್ಲಿ ಒಂಬತ್ತೊಂಬತ್ತು ರೇಷ್ಮೆವಸ್ತ್ರಗಳನ್ನೂ ಕಾಣಿಕೆಯಿತ್ತ. ರಾಜನು ಹತ್ತಿರ ಕುಳ್ಳಿರಿಸಿಕೊಂಡು, ಚಕ್ರವರ್ತಿಯ ಓಲೆಯನ್ನು ತೆಗೆದುಕೊಂಡು ದುಭಾಷಿಗಳ ಕೈಗಿತ್ತ. ಬೇಸಿಗೆಯ ಸೆಖೆ, ಹೆರಾತಿನವನ ಮೈಮೇಲೆ ಹೊರೆ ಬಟ್ಟೆ. ಬೆವರಿಳಿಯುವ ಅತಿಥಿಯನ್ನು ಕಂಡು ಮರುಗಿದ ದೊರೆ ಅವನಿಗೊಂದು ಬೀಸಣಿಗೆಯನ್ನು ಕೊಡಿಸಿದನಂತೆ. ಶಿಷ್ಟಾಚಾರದ ಯಾವ ಗ್ರಂಥದಲ್ಲೂ ಇಂಥದಕ್ಕೆ ವಿಧಿಯಿರಲಾರದು.

ಇಳಿದುಕೊಳ್ಳಲು ದೊಡ್ಡ ಮನೆ. ದಿನದ ಪಡಿ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಹೊನ್ನು. ವಾರಕ್ಕೆರಡು ಸಂಜೆ ಅರಮನೆಗೆ ಕರೆ. ಹೋದಾಗಲೆಲ್ಲ ವೀಳ್ಯ, ಕರ್ಪೂರ, ಒಂದು ಚೀಲ ಹಣ. ನಿಮ್ಮ ದೊರೆಗಳು ರಾಯಭಾರಿಯನ್ನು ಕರೆದು ಉಣಬಡಿಸುತ್ತಾರೆ, ನೀವು ನಾವು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವಂತಿಲ್ಲ, ಆದ್ದರಿಂದ ಈ ಚೀಲವೇ ನಮ್ಮ ಔತಣವೆಂದು ತಿಳಿಯಿರಿ ಎಂದು ದೇವರಾಯ ಹೇಳಿಕಳಿಸಿದನಂತೆ. ಮಡಿಯನ್ನೂ ಬಿಡದೆ ಮರ್ಯಾದೆಯನ್ನೂ ಕೆಡಿಸದೆ ಇದಕ್ಕಿಂತ ಜಾಣತನದ ಏರ್ಪಾಡನ್ನು ಯಾರು ಮಾಡಿಯಾರು!

ಇಂಥ ಪಡಿ ಒಂದು ದಿನ ನಿಂತುಹೋಯಿತು.

ಅದಕ್ಕೆ ಹಿನ್ನೆಲೆಯುಂಟು. ರಾಯಭಾರಿ ಇನ್ನೂ ಕಲ್ಲಿಕೋಟೆಯಲ್ಲಿದ್ದಾಗ ದೇವರಾಯನ ಸೋದರನೇ ಔತಣದ ನೆವದಲ್ಲಿ ಮುಖ್ಯರನ್ನು ಕರೆಸಿ ಕೊಲ್ಲಿಸಿ, ರಾಜನ ಮೇಲೂ ಕೈಮಾಡಿದ್ದ. ರಾಜ ಉಳಿದುಕೊಂಡ. ಸುದ್ದಿ ಕೇಳಿದ ಬಹಮನಿ ಸುಲ್ತಾನ ಏಳು ಲಕ್ಷ ವರಹ ಕೇಳಿದ, ಯುದ್ಧ ಹತ್ತಿತು. ಮಂತ್ರಿ ದಣ್ಣಾಯಕ ದಂಡೆತ್ತಿ ಕಲಬುರ್ಗಿಯ ಕಡೆ ಹೋದ. ಅವನ ಸ್ಥಾನದಲ್ಲಿ ಕುಳಿತವನು ಹಂಬ ನೂರೀರ್ ಎಂದು ಅಬ್ದುರ್ ರಜಾಕ ಬರೆಯುವ ಅಧಿಕಾರಿ. ಅವನನ್ನು ಕುಳ್ಳ, ನೀಚ ಎಂದೆಲ್ಲ ಮನಸಾರೆ ಬಯ್ದಿದ್ದಾನೆ. ಪಡಿ ಕಳೆದುಕೊಂಡವನ ಬಯ್ಗುಳವೆಂದು ನಾವು ಸ್ವಲ್ಪ ಕಳೆದು ಓದಬೇಕು. ಇದೇ ಸಮಯವೆಂದು ಹೊರ್ಮುಜಿನ ಮಂದಿಯೂ ಸುದ್ದಿ ಹಬ್ಬಿಸಿದರು: ಇವನು ಶಾರುಖನ ರಾಯಭಾರಿಯೇ ಅಲ್ಲ!

ಹೊರ್ಮುಜ್ ಪಾರಸೀಕ ಕೊಲ್ಲಿಯ ಬಾಯಲ್ಲಿದ್ದ ರೇವುಪಟ್ಟಣ. ಅರಬಸ್ಥಾನ, ಪಾರಸೀಕಗಳ ಕುದುರೆಗಳು ನಮ್ಮ ಕರಾವಳಿಗೆ ಬರುತ್ತಿದ್ದುದು ಬಹುಮಟ್ಟಿಗೆ ಆ ದಾರಿಯಲ್ಲೇ. ಹೆರಾತಿಗೂ ವಿಜಯನಗರಕ್ಕೂ ನೇರ ಸ್ನೇಹ ಬೆಳೆಯುವುದು ಆ ವರ್ತಕರಿಗೆ ಹಿಡಿಸಿರಲಾರದೆಂದು ನನ್ನ ಊಹೆ. ಆದರೂ ಅವರ ಮಾತು ತಳಬುಡವಿಲ್ಲದ್ದೆಂದು ತೋರದಿರಲು ಒಂದು ಕಾರಣವಿತ್ತು. ಕಲ್ಲಿಕೋಟೆಗೆಂದು ಹೊರಟವನು ಇಲ್ಲಿಗೇಕೆ ಬಂದ? ಆತಿಥೇಯನ ಕಷ್ಟವನ್ನು ನೆನೆಯಿರಿ. ಹೆರಾತಿಗೆ ಓಲೆ ಬರೆದು ವಿಚಾರಿಸೋಣವೆಂದರೆ ಉತ್ತರ ಬರುವ ಹೊತ್ತಿಗೆ ವರ್ಷ ಕಳೆಯುತ್ತದೆ. ಈಗಾದರೋ ರಾಯಭಾರಿಯ ಹೆಸರನ್ನು ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 1961ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಬೇಡವೆನ್ನುವ ರಾಷ್ಟ್ರ ಕಾರಣ ಹೇಳಬೇಕಾಗಿಯೂ ಇಲ್ಲ. ದೇವರಾಯನ ಮುಂದಿದ್ದುದು ಒಂದು ಓಲೆ, ಒಬ್ಬ ಮನುಷ್ಯ, ಆ ಮನುಷ್ಯನ ಮೇಲೆ ಚಾಡಿ ಹೇಳುವ ನಾಲ್ಕು ಮಂದಿ.

ನನಗೆ ಮೆಚ್ಚಿಗೆಯಾಗುವುದು ರಾಜ ನಡೆದುಕೊಂಡ ರೀತಿ. ಸಂದೇಹ ಬಂತೆಂದು ಅವನನ್ನು ಸೆರೆಯಲ್ಲಿಡಲಿಲ್ಲ, ಅಟ್ಟಲೂ ಇಲ್ಲ. ದಾರಿಯಲ್ಲಿ ಎದುರಾದಾಗ ದೊರೆ ನಿಂತು ಯೋಗಕ್ಷೇಮ ವಿಚಾರಿಸುತ್ತಿದ್ದನೆಂದು ಆ ಕಷ್ಟದ ದಿನಗಳನ್ನು ಕುರಿತು ಬರೆಯುವಾಗಲೇ ಅಬ್ದುರ್ ರಜಾಕ ಕೃತಜ್ಞತೆಯಿಂದ ನೆನೆಯುತ್ತಾನೆ. ಹಂಬ ನೂರೀರನಿಗೆ ಇಷ್ಟು ಬಯ್ಗುಳ ಮೀಸಲಿಟ್ಟವನ ಲೇಖನಿಯಿಂದ ಬಂದ ಮಾತಾದ್ದರಿಂದ ಇದಕ್ಕೆ ಬೆಲೆ ಹೆಚ್ಚು. ದಣ್ಣಾಯಕ ದಂಡಯಾತ್ರೆಯಿಂದ ಮರಳಿದ ದಿನವೇ, ಪಡಿ ನಿಲ್ಲಿಸಿದ್ದೇಕೆಂದು ಪ್ರತಿನಿಧಿಯನ್ನು ಗದರಿಸಿ, ರಾಯಭಾರಿಗೆ ಸಲ್ಲಬೇಕಾದ ಹಣವನ್ನು ಟಂಕಸಾಲೆಯಿಂದ ಕೊಡಿಸಿದ.

ಹಣ ಬಂದರೂ ಮನಸ್ಸಿನ ಅನುಮಾನ ಪೂರ್ತಿ ಹೋಗಲಿಲ್ಲ. ಬೀಳ್ಕೊಡುವಾಗ ರಾಜ ಅದನ್ನು ಮುಚ್ಚಿಡಲಿಲ್ಲ. ನೀವು ಶಾರುಖನು ಕಳಿಸಿದವರಲ್ಲವೆಂದು ಜನ ಹೇಳಿದರು, ಇಲ್ಲದಿದ್ದರೆ ಇನ್ನೂ ಹೆಚ್ಚು ಗೌರವಿಸುತ್ತಿದ್ದೆವು, ಮತ್ತೊಮ್ಮೆ ಬಂದರೆ ತಕ್ಕಂತೆ ನಡೆಸಿಕೊಳ್ಳುತ್ತೇವೆ ಎಂದ. ಅಬ್ದುರ್ ರಜಾಕನಿಗೆ ಮತ್ತೊಮ್ಮೆ ಸಮುದ್ರಯಾನ ಮಾಡುವ ಆಸೆ ಲವಲೇಶವೂ ಇರಲಿಲ್ಲ.

1443ರ ಡಿಸೆಂಬರಿನಲ್ಲಿ ಅವನು ಹಂಪೆಯಿಂದ ಹೊರಟು ಬಾರಕೂರಿನತ್ತ ಘಟ್ಟವಿಳಿದ. ಜೊತೆಯಲ್ಲಿ ವಿಜಯನಗರದ ಪರವಾಗಿ ಹೆರಾತಿಗೆ ಹೋಗುವ ಇಬ್ಬರು ರಾಯಭಾರಿಗಳಿದ್ದರು. ಇಬ್ಬರೂ ಇಲ್ಲಿ ನೆಲೆಸಿದ್ದ ಖುರಾಸಾನಿನವರು. ಅವರ ಕೈಯಲ್ಲಿ ಶಾರುಖನಿಗೆ ದೇವರಾಯನ ಓಲೆಯಿತ್ತು. ಅಬ್ದುರ್ ರಜಾಕನು ಸನ್ನಿಧಾನದ ಸೇವಕನಲ್ಲವೆಂದು ಕೆಲವರು ತಮಗೆ ತಿಳಿಸಿದ ಸಂಗತಿಯನ್ನು ಆ ಓಲೆಯಲ್ಲಿ ಬರೆಸಲಾಗಿತ್ತು.