ಆಹಾರದ ಸೋಡಿಯಂ ಮತ್ತು ಆರೋಗ್ಯ: ವಿಚಾರದ ಇತಿಹಾಸ

ಮನುಷ್ಯನ ಶರೀರವನ್ನು ಸೇರುವ ಸೋಡಿಯಮ್ಮಿನ ಬಹುಭಾಗ ಬರುವುದು ಅಡಿಗೆಯ ಉಪ್ಪಿನಿಂದ. ಸೋಡಿಯಂ ಕ್ಲೋರೈಡ್ ಎಂಬ ರಾಸಾಯನಿಕ ನಾಮವುಳ್ಳ ಈ ಲವಣದ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸೋಡಿಯಮ್ಮೇ ಆಗಿರುವುದರಿಂದ 5 ಗ್ರಾಂ ಉಪ್ಪೆಂದರೆ 2 ಗ್ರಾಂ ಸೋಡಿಯಂ ಎಂದು ಗಣಿಸುವುದು ವಾಡಿಕೆ. ಜೀವಕೋಶಗಳ ಹೊರಗಣ ದ್ರವದ ಪರಿಮಾಣವನ್ನು ಕಾಯುವುದೂ ನರಸ್ನಾಯುಗಳ ವ್ಯಾಪಾರಕ್ಕೆ ಆಧಾರವಾಗುವುದೂ ಈ ಧಾತುವಿನ ಮುಖ್ಯ ಕಾರ್ಯಗಳು. ಇವುಗಳಿಗೆ ದಿನಕ್ಕೆ ಅರ್ಧ ಗ್ರಾಮಿನಷ್ಟು ಸೋಡಿಯಂ ಸಾಕಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದ ವಯಸ್ಕರ ಸರಾಸರಿ ಸೇವನೆ ಇಂದು 4 ಗ್ರಾಮನ್ನು ಮೀರಿದೆ. ಈ ಅತಿಶಯದಿಂದ ಹಾನಿಯುಂಟೆಂಬ ಶಂಕೆ ಪುರಾತನವಾದುದು. ಅಳೆಯುವ ಸಾಧನಗಳು ಒಂದೊಂದಾಗಿ ದೊರೆತಂತೆಲ್ಲ ಆ ಶಂಕೆ ಶಾಸ್ತ್ರವಾಗಿ ಪರಿಣಮಿಸಿದುದು ಇಪ್ಪತ್ತನೆಯ ಶತಮಾನದಿಂದೀಚೆಗೆ.

ಪ್ರಾಚೀನರ ಮತ: ಚರಕಸಂಹಿತೆಯ ವಿಮಾನಸ್ಥಾನವು ಹಿಪ್ಪಲಿ, ಕ್ಷಾರ, ಲವಣ ಈ ಮೂರು ದ್ರವ್ಯಗಳನ್ನು ಅತಿಯಾಗಿ ಬಳಸಕೂಡದೆಂದು ವಿಧಿಸಿ, ಲವಣದ ಅತಿಸೇವನೆಯಿಂದ ಗ್ಲಾನಿ, ಶೈಥಿಲ್ಯ, ದೌರ್ಬಲ್ಯಗಳು ಸಂಭವಿಸುವುವೆಂದೂ ಅಕಾಲದಲ್ಲಿ ಕೂದಲು ಉದುರಿ, ನರೆತು, ಚರ್ಮ ಸುಕ್ಕುಗಟ್ಟುವುದೆಂದೂ ಹೇಳುತ್ತದೆ. ಹಾಲಿನೊಡನೆಯೂ ಉಪ್ಪನ್ನು ತಿನ್ನುವ ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳವರನ್ನು ಅದು ನಿದರ್ಶನವಾಗಿ ಕೊಡುವುದು ಗಮನಾರ್ಹ. ಏಕೆಂದರೆ ಒಂದು ನಾಡಿನ ಆಹಾರಪದ್ಧತಿಯನ್ನು ಅಲ್ಲಿನ ಜನರ ಆರೋಗ್ಯದೊಡನೆ ತೂಗಿನೋಡುವ ಕ್ರಮ ಇಲ್ಲಿಯೇ ಅಂಕುರಿಸಿರುವುದನ್ನು ಕಾಣಬಹುದು.

ಮಾಪನದ ಆರಂಭ: ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುದ್ವಿಶ್ಲೇಷಣೆಯಿಂದ ಸೋಡಿಯಮ್ಮನ್ನು ಮೊದಲಬಾರಿಗೆ ಬೇರ್ಪಡಿಸಿದುದು 1807ರಲ್ಲಿ, ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಪ್ರಕಟಿಸಿದುದು 1896ರಲ್ಲಿ. ಫ್ರಾನ್ಸಿನ ವಿದಾಲ್ ಎಂಬ ವೈದ್ಯನು 1903ರಲ್ಲಿ ಮೂತ್ರಪಿಂಡದ ಉರಿಯೂತದಿಂದ ಮೈ ಬಾತವರಿಗೆ ಉಪ್ಪನ್ನು ನಿಲ್ಲಿಸಿದರೆ ಬಾವು ಇಳಿಯುವುದೆಂದು ತೋರಿಸಿದನು. ಮರುವರ್ಷವೇ ಆಂಬಾರ್ ಮತ್ತು ಬೋಜಾರ್ ಎಂಬಿಬ್ಬರು, ರೋಗಿಗಳು ಉಂಡ ಕ್ಲೋರೈಡನ್ನೂ ಅವರ ಮೂತ್ರದಲ್ಲಿ ಹೊರಬಿದ್ದ ಕ್ಲೋರೈಡನ್ನೂ ಹೋಲಿಸಿ, ಲವಣವು ಶರೀರದಲ್ಲಿ ಉಳಿದುಕೊಂಡಾಗ ರಕ್ತದೊತ್ತಡ ಏರುವುದೆಂದು ನಿರೂಪಿಸಿದರು. ಸೋಡಿಯಮ್ಮನ್ನು ನೇರವಾಗಿ ಅಳೆಯುವುದು ಅಂದು ದುಸ್ತರವಾಗಿದ್ದು, 1940ರ ದಶಕದಲ್ಲಿ ಜ್ವಾಲೆಯ ಬಣ್ಣದಿಂದ ಅದರ ಪ್ರಮಾಣವನ್ನು ಹೇಳುವ ಯಂತ್ರ ಬಳಕೆಗೆ ಬಂದ ಮೇಲೆ ಆ ಕಾರ್ಯ ಸುಲಭವಾಯಿತು.

ಅನ್ನದ ಪಥ್ಯ: ನಾಟ್ಸಿಗಳ ಜರ್ಮನಿಯನ್ನು ತೊರೆದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯವನ್ನು ಸೇರಿದ ವಾಲ್ಟರ್ ಕೆಂಪ್ನರ್ 1939ರ ಸುಮಾರಿನಿಂದ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇವಿಷ್ಟನ್ನೇ ವಿಧಿಸಿದನು; ಇದರಲ್ಲಿ ದಿನಕ್ಕೆ ಸುಮಾರು 150 ಮಿಲಿಗ್ರಾಂ ಸೋಡಿಯಂ ಮಾತ್ರ ಇರುತ್ತಿತ್ತು. ಎರಡು ವಾರಗಳ ಪಥ್ಯವನ್ನು ಹೇಳಿ ಕಳುಹಿಸಿದ ರೋಗಿಯೊಬ್ಬಳು ಮಾತನ್ನು ತಪ್ಪಾಗಿ ಗ್ರಹಿಸಿ ಎರಡು ತಿಂಗಳು ನಡೆಸಿ, ಆಶ್ಚರ್ಯಕರವಾಗಿ ಚೇತರಿಸಿಕೊಂಡು ಮರಳಿದಳೆಂದು ಪ್ರಸಿದ್ಧಿ. ಸಪ್ಪೆಯಾದ ಈ ಊಟವನ್ನು ಬಹುಕಾಲ ಸಹಿಸುವವರು ವಿರಳವಾಗಿದ್ದುದರಿಂದಲೂ, 1950ರ ದಶಕದ ಕೊನೆಯಲ್ಲಿ ಮೂತ್ರದ ಮೂಲಕ ಸೋಡಿಯಮ್ಮನ್ನು ಹೊರಹಾಕಿಸುವ ಕ್ಲೋರೋಥಯಜೈಡ್ ಗುಳಿಗೆ ಬಂದುದರಿಂದಲೂ ಪಥ್ಯವು ಹಿಂದೆ ಸರಿಯಿತು.

ಕಾರ್ಯವಿಧಾನ: ರಕ್ತದಲ್ಲಿ ಸೋಡಿಯಂ ಹೆಚ್ಚಿದಾಗ ಬಾಯಾರಿಕೆಯುಂಟಾಗಿ, ಕುಡಿದ ನೀರು ಅದರೊಡನೆ ಶರೀರದಲ್ಲಿ ನಿಂತು, ರಕ್ತದ ಪರಿಮಾಣ ವರ್ಧಿಸುತ್ತದೆ. ಆರೋಗ್ಯವಂತ ಮೂತ್ರಪಿಂಡವು ಹೆಚ್ಚಿದುದನ್ನು ಹೊರಹಾಕಿ ಸಮತೋಲವನ್ನು ಮರಳಿ ತರುವುದಾದರೂ, ಆ ಶಕ್ತಿ ಕುಂದಿದವರಲ್ಲಿ ಅಷ್ಟನ್ನೇ ಹೊರಹಾಕಲು ಹೆಚ್ಚಿನ ಒತ್ತಡ ಬೇಕಾಗಿ, ಕಾಲಕ್ರಮದಲ್ಲಿ ಅದೇ ಸ್ಥಾಯಿಯಾಗುತ್ತದೆ. ಪಾರ್ಶ್ವವಾಯು, ಹೃದ್ರೋಗ, ಮೂತ್ರಪಿಂಡದ ವೈಫಲ್ಯಗಳು ಇದರ ಫಲ. ಅಮೆರಿಕದ ಲೂಯಿಸ್ ಡಾಲ್ ಉಪ್ಪಿನಿಂದ ಒತ್ತಡ ಬೇಗ ಏರುವ ಇಲಿಗಳ ವಂಶವನ್ನೂ ಏರದ ವಂಶವನ್ನೂ ಬೇರೆಬೇರೆಯಾಗಿ ಬೆಳೆಸಿ, ಈ ಸೂಕ್ಷ್ಮತೆ ಆನುವಂಶಿಕವೆಂದು 1960ರ ದಶಕದಲ್ಲಿ ತೋರಿಸಿದನು.

ಜನಸಮುದಾಯಗಳ ಅಧ್ಯಯನ: ಇದೇ ಡಾಲ್ 1960ರಲ್ಲಿ ಐದು ಜನಸಮುದಾಯಗಳನ್ನು ಒಂದೇ ನಕ್ಷೆಯ ಮೇಲೆ ಗುರುತಿಸಿ, ಅತ್ಯಲ್ಪ ಉಪ್ಪು ತಿನ್ನುವ ಅಲಾಸ್ಕದ ಎಸ್ಕಿಮೋಗಳಿಂದ ದಿನಕ್ಕೆ 25 ಗ್ರಾಮಿಗೂ ಮಿಗಿಲಾಗಿ ತಿನ್ನುತ್ತಿದ್ದ ಉತ್ತರ ಜಪಾನಿನವರವರೆಗೆ ರಕ್ತದೊತ್ತಡದ ವ್ಯಾಧಿಯೂ ಏರುತ್ತ ಹೋಗುವುದನ್ನು ತೋರಿಸಿದನು. ನಾಡುನಾಡುಗಳ ನಡುವೆ ಉಪ್ಪಲ್ಲದೆ ಬೇರೆ ವ್ಯತ್ಯಾಸಗಳೂ ಉಂಟೆಂಬ ಆಕ್ಷೇಪಕ್ಕೆ ಉತ್ತರವಾಗಿ ನಡೆದ ಇಂಟರ್‌ಸಾಲ್ಟ್ ಅಧ್ಯಯನವು, 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಇಡೀ ದಿನದ ಮೂತ್ರವನ್ನು ಸಂಗ್ರಹಿಸಿ 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಉಪ್ಪನ್ನೇ ಬಳಸದ ಅಮೆಜಾನ್ ಅರಣ್ಯದ ಯಾನೊಮಾಮಿಗಳಲ್ಲಿ ವಯಸ್ಸಿನೊಡನೆ ಒತ್ತಡ ಏರುವುದೇ ಇಲ್ಲವೆಂಬುದು ಅದರ ಸ್ಮರಣೀಯ ಅಂಶ. 2001ರಲ್ಲಿ ಪ್ರಕಟವಾದ ಡ್ಯಾಷ್-ಸೋಡಿಯಂ ಪ್ರಯೋಗದಲ್ಲಿ, 412 ಮಂದಿಗೆ ಸಿದ್ಧಪಡಿಸಿದ ಆಹಾರವನ್ನೇ ಕೊಟ್ಟು ಸೋಡಿಯಮ್ಮನ್ನು ಮೂರು ಮಟ್ಟಗಳಲ್ಲಿ ಇಳಿಸಿದಾಗ ಒತ್ತಡವೂ ಮೆಟ್ಟಿಲುಮೆಟ್ಟಿಲಾಗಿ ಇಳಿಯಿತು.

ವಿವಾದ: 2014ರಲ್ಲಿ ಪ್ಯೂರ್ ಎಂಬ ಬಹುದೇಶೀಯ ಅಧ್ಯಯನವು ಅತಿಸೇವನೆಯಂತೆಯೇ ಅತ್ಯಲ್ಪ ಸೇವನೆಯೂ ಮರಣದೊಡನೆ ಸಂಬಂಧ ಪಡೆದಿದೆಯೆಂದು ಸಾರಿತು. ಇಡೀ ದಿನದ ಮೂತ್ರಕ್ಕೆ ಬದಲು ಒಂದು ಬೆಳಗಿನ ಮಾದರಿಯಿಂದ ಸೇವನೆಯನ್ನು ಊಹಿಸಿದುದು ಲೋಪವೆಂದೂ, ಅಸ್ವಸ್ಥರು ಊಟವನ್ನೇ ತಗ್ಗಿಸಿರಬಹುದೆಂದೂ ವಿರೋಧಿಗಳು ವಾದಿಸಿದರು. ಅತಿಸೇವನೆ ಅಹಿತವೆಂಬುದರಲ್ಲಿ ಉಭಯಪಕ್ಷಗಳಿಗೂ ಭಿನ್ನಮತವಿಲ್ಲ. ಕೆಳಗಿನ ಮಿತಿ ಎಲ್ಲಿರಬೇಕೆಂಬುದೇ ಚರ್ಚಾವಿಷಯ.

ಸಾರ್ವಜನಿಕ ಕ್ರಮಗಳು: ಫಿನ್ಲೆಂಡ್ 1970ರ ದಶಕದ ಕೊನೆಯಿಂದಲೂ, ಬ್ರಿಟನ್ 2003ರಿಂದಲೂ ಉಪ್ಪನ್ನು ತಗ್ಗಿಸುವ ಯತ್ನ ಕೈಗೊಂಡವು, ಬ್ರೆಡ್ ಮೊದಲಾದ ಸಿದ್ಧ ಆಹಾರಗಳಲ್ಲಿ ತಯಾರಕರೇ ಪ್ರಮಾಣವನ್ನು ಕ್ರಮೇಣ ಇಳಿಸಿದುದರಿಂದ ಬ್ರಿಟನ್ನಿನ ಸರಾಸರಿ ಸೇವನೆ ಸುಮಾರು 9.5 ಗ್ರಾಂ ಉಪ್ಪಿನಿಂದ 2011ರ ವೇಳೆಗೆ 8.1 ಗ್ರಾಮಿಗೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ವಯಸ್ಕರಿಗೆ ನಿಗದಿಮಾಡಿದ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ಭಾರತದಲ್ಲಾದರೋ ಉಪ್ಪಿನ ಹೆಚ್ಚಿನ ಪಾಲು ಮನೆಯ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳಗಳಿಂದಲೇ ಬರುವುದರಿಂದ ಕಾರ್ಖಾನೆಗಳನ್ನು ನಿಯಂತ್ರಿಸುವ ಉಪಾಯ ಇಲ್ಲಿ ಅಷ್ಟಾಗಿ ಫಲಿಸದು.

ಇಂಥ ದೇಶಗಳಿಗೆ ಒಪ್ಪುವ ಮಾರ್ಗ ಉಪ್ಪನ್ನೇ ಬದಲಿಸುವುದು. ಈ ಮಾರ್ಗದ ಹಿಂದಿನ ಯತ್ನವೊಂದು ವಿಫಲವಾಗಿ, 1949ರಲ್ಲಿ ಅಮೆರಿಕದಲ್ಲಿ ಬದಲಿ ಉಪ್ಪಾಗಿ ಮಾರಿದ ಲಿಥಿಯಂ ಕ್ಲೋರೈಡ್ ಕೆಲವರ ಪ್ರಾಣವನ್ನೇ ತೆಗೆದಿತ್ತು. ಆದರೆ ಚೀನದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ತಗ್ಗಿತು. ಮೂತ್ರಪಿಂಡ ದುರ್ಬಲವಾದವರಲ್ಲಿ ಪೊಟ್ಯಾಸಿಯಂ ಸಂಚಯವಾಗಿ ಹೃದಯದ ಗತಿ ಕೆಡುವ ಅಪಾಯವಿರುವುದರಿಂದ, ಅಂಥವರು ವೈದ್ಯರ ಸಲಹೆಯಿಲ್ಲದೆ ಈ ಉಪ್ಪನ್ನು ಬಳಸುವುದು ಯುಕ್ತವಲ್ಲ.